ಕರೆಂಟು ಉಳಿಸುವ ಕಟ್ಟಡಕ್ಕೆ ಅಮೆರಿಕದಲ್ಲಿ ತೆರಿಗೆ ಕಡಿತ: 179ಡಿ ಪಡೆಯುವುದು ಹೇಗೆ?

ಅಮೆರಿಕದಲ್ಲಿರುವ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೇಳುವವರು ಮೂರು ಬಗೆ. ಸ್ವಂತ ಕ್ಲಿನಿಕ್ ಅಥವಾ ಆಫೀಸ್ ಕಟ್ಟಿಸಿದವರು, ಶಾಲೆ, ಲೈಬ್ರರಿಗಳಿಗೆ ನಕ್ಷೆ ಹಾಕಿಕೊಡುವ ಆರ್ಕಿಟೆಕ್ಟ್ ಮತ್ತು ಎಂಜಿನಿಯರ್‌ಗಳು, ಮತ್ತೆ ದೇವಸ್ಥಾನ ಅಥವಾ ಸಂಘದ ಭವನ ಕಟ್ಟಿಸುತ್ತಿರುವ ಟ್ರಸ್ಟಿಗಳು. ‘ಒಳ್ಳೆಯ ಎಸಿ, ಎಲ್‌ಇಡಿ ದೀಪ, ದಪ್ಪ ಇನ್ಸುಲೇಶನ್ ಎಲ್ಲ ಹಾಕಿಸಿದ್ದೇವೆ. ತೆರಿಗೆಯಲ್ಲಿ ಏನಾದರೂ ಸಿಗುತ್ತಾ?’ ಎಂದು ಕೇಳುತ್ತಾರೆ.

ಸಿಗುತ್ತದೆ. ಆದರೆ ಹೆಚ್ಚಿನವರು ಇದನ್ನು ಕೇಳುವುದು ರಿಟರ್ನ್ ತುಂಬುವ ಸಮಯಕ್ಕೆ. ಅಷ್ಟರಲ್ಲಿ ದುಡ್ಡಿನ ದೊಡ್ಡ ಪಾಲು ಕೈತಪ್ಪಿರುತ್ತದೆ. ಎಷ್ಟು ಸಿಗಬೇಕು ಎನ್ನುವುದು ನಕ್ಷೆ ಹಾಕುವಾಗ ಮತ್ತು ಕೆಲಸಗಾರರಿಗೆ ಕೂಲಿ ಕೊಡುವಾಗಲೇ ನಿರ್ಧಾರವಾಗಿರುತ್ತದೆ. ಅದಕ್ಕೇ ಈ ಲೇಖನವನ್ನು ಕಾಮಗಾರಿಯ ಕ್ರಮದಲ್ಲಿ ಬರೆದಿದ್ದೇನೆ.

ಮೊದಲು ಕಾನೂನಿನ ಬಗ್ಗೆ ನಾಲ್ಕು ಮಾತು

ಅಮೆರಿಕದ ಕೇಂದ್ರ ತೆರಿಗೆ ಕಾನೂನಿನಲ್ಲಿ 179ಡಿ ಎಂಬ ಸೆಕ್ಷನ್ ಇದೆ. 2005ರ ಎನರ್ಜಿ ಪಾಲಿಸಿ ಕಾಯ್ದೆಯಲ್ಲಿ ಇದು ಬಂತು. ವರ್ಷಗಟ್ಟಲೆ ತಾತ್ಕಾಲಿಕವಾಗಿ ಮುಂದುವರಿದು, 2020ರ ಕೊನೆಯಲ್ಲಿ ಕಾಯಂ ಆಯಿತು. 2022ರ ಇನ್‌ಫ್ಲೇಶನ್ ರಿಡಕ್ಷನ್ ಕಾಯ್ದೆ ಮೊತ್ತವನ್ನು ಹೆಚ್ಚಿಸಿತು, ಜೊತೆಗೆ ಕೂಲಿಯ ಷರತ್ತನ್ನೂ ತಂದಿತು. 2025ರ ಜುಲೈ 4ರಂದು ಸಹಿಯಾದ ಹೊಸ ಕಾನೂನು ಇದಕ್ಕೆ ಕೊನೆಯ ದಿನ ಹಾಕಿದೆ. 2026ರ ಜೂನ್ 30ರ ನಂತರ ಕಾಮಗಾರಿ ಶುರುವಾದ ಕೆಲಸಕ್ಕೆ 179ಡಿ ಇಲ್ಲ. ಆ ದಿನದೊಳಗೆ ಶುರುವಾಗಿ, ಕಟ್ಟಡ ಮುಗಿಯುವುದು ತಡವಾದರೆ ಅಡ್ಡಿಯಿಲ್ಲ.

ಇದು ಡಿಡಕ್ಷನ್, ಕ್ರೆಡಿಟ್ ಅಲ್ಲ. ಕ್ರೆಡಿಟ್ ಆದರೆ ಕಟ್ಟಬೇಕಾದ ತೆರಿಗೆಯಲ್ಲೇ ಅಷ್ಟು ಡಾಲರ್ ಕಳೆಯುತ್ತಾರೆ. ಡಿಡಕ್ಷನ್ ಆದರೆ ತೆರಿಗೆ ಹಾಕುವ ಮೊದಲು ಆದಾಯದಿಂದ ಕಳೆಯುತ್ತಾರೆ. ಒಂದು ಲಕ್ಷ ಡಾಲರ್ ಡಿಡಕ್ಷನ್ ಸಿಕ್ಕರೆ, ಶೇ 21 ತೆರಿಗೆ ಕಟ್ಟುವ ಕಾರ್ಪೊರೇಷನ್‌ಗೆ ಉಳಿಯುವುದು 21,000 ಡಾಲರ್. ಈ ಎರಡನ್ನೂ ಒಂದೇ ಅಂದುಕೊಂಡು ಬಜೆಟ್ ಹಾಕಬೇಡಿ.

ಹಂತ 1: ನಿಮ್ಮ ಕಟ್ಟಡ ಇದರೊಳಗೆ ಬರುತ್ತದೆಯೇ ನೋಡಿ

ಕಟ್ಟಡ ಅಮೆರಿಕದಲ್ಲೇ ಇರಬೇಕು. ‘ನಾವು ಟ್ಯಾಕ್ಸ್ ಕಟ್ಟೋದು ಇಲ್ಲೇ, ಆದ್ರೆ ಕಟ್ಟಿಸಿದ್ದು ಬೆಂಗಳೂರಲ್ಲಿ’ ಎನ್ನುವವರಿಗೆ ಇದು ಸಿಗುವುದಿಲ್ಲ.

ಆಫೀಸ್, ಅಂಗಡಿ, ಗೋದಾಮು, ಹೋಟೆಲ್, ಆಸ್ಪತ್ರೆ, ಶಾಲೆ, ಲೈಬ್ರರಿ, ವಿಮಾನ ನಿಲ್ದಾಣ ಎಲ್ಲವೂ ಬರುತ್ತವೆ. ಬಾಡಿಗೆ ಅಪಾರ್ಟ್‌ಮೆಂಟ್ ಆದರೆ ನೆಲದ ಮೇಲೆ ನಾಲ್ಕು ಮಹಡಿ ಅಥವಾ ಜಾಸ್ತಿ ಇರಬೇಕು. ಮೂರು ಅಥವಾ ಕಡಿಮೆ ಮಹಡಿಯ ವಸತಿ ಕಟ್ಟಡಕ್ಕೆ, ನೀವೇ ವಾಸಿಸುವ ಮನೆಗೆ ಇಲ್ಲ.

ಲೆಕ್ಕಕ್ಕೆ ಬರುವ ಕೆಲಸ ಮೂರೇ ಬಗೆಯದು. ಒಂದು, ಒಳಗಿನ ದೀಪಗಳ ವ್ಯವಸ್ಥೆ. ಎರಡು, ಬಿಸಿ, ತಂಪು, ಗಾಳಿ ಮತ್ತು ಬಿಸಿನೀರಿನ ವ್ಯವಸ್ಥೆ. ಮೂರು, ಕಟ್ಟಡದ ಹೊರಕವಚ, ಅಂದರೆ ಗೋಡೆ, ಚಾವಣಿ, ಕಿಟಕಿ, ಬಾಗಿಲು, ಇನ್ಸುಲೇಶನ್. ಹೊರಗಿನ ಪಾರ್ಕಿಂಗ್ ಜಾಗದ ದೀಪ ಬದಲಿಸಿದ್ದು ಇದರಲ್ಲಿ ಸೇರುವುದಿಲ್ಲ. ಚಾವಣಿಯ ಸೋಲಾರ್ ಪ್ಯಾನೆಲ್ ಕೂಡ ಸೇರುವುದಿಲ್ಲ, ಅದರ ಲೆಕ್ಕವೇ ಬೇರೆ.

ಹಂತ 2: ಕಡಿತ ಯಾರ ಹೆಸರಿಗೆ ಎಂದು ಖಚಿತ ಮಾಡಿಕೊಳ್ಳಿ

ಖಾಸಗಿ ಕಟ್ಟಡವಾದರೆ, ಆ ಕೆಲಸಕ್ಕೆ ದುಡ್ಡು ಹಾಕಿ ಅದನ್ನು ಆಸ್ತಿಯಾಗಿ ಲೆಕ್ಕದಲ್ಲಿ ಇಟ್ಟುಕೊಂಡವರಿಗೆ ಸಿಗುತ್ತದೆ. ಸಾಮಾನ್ಯವಾಗಿ ಅದು ಮಾಲೀಕರು. ಬಾಡಿಗೆಗೆ ಇರುವವರೇ ತಮ್ಮ ಖರ್ಚಲ್ಲಿ ಎಸಿ, ದೀಪ ಹಾಕಿಸಿದ್ದರೆ ಅವರಿಗೆ ಸಿಗುತ್ತದೆ.

ಸರ್ಕಾರಿ ಕಟ್ಟಡದ ಮಾಲೀಕರು ತೆರಿಗೆಯನ್ನೇ ಕಟ್ಟುವುದಿಲ್ಲ. ಅವರಿಗೆ ಈ ಕಡಿತ ಉಪಯೋಗಕ್ಕೆ ಬರುವುದಿಲ್ಲ ಅಲ್ವಾ? ಅದಕ್ಕೇ ಕಾನೂನು ಅವರಿಗೆ ಬೇರೆ ದಾರಿ ಕೊಟ್ಟಿದೆ. ಆ ಕಡಿತವನ್ನು ಕಟ್ಟಡದ ವಿನ್ಯಾಸ ಮಾಡಿದವರಿಗೆ ಬರೆದುಕೊಡಬಹುದು. 2023ರಿಂದ ಈ ಅವಕಾಶ ತೆರಿಗೆ ವಿನಾಯಿತಿ ಇರುವ ಸಂಸ್ಥೆಗಳಿಗೂ, ಅಲ್ಲಿನ ಮೂಲನಿವಾಸಿಗಳ ಬುಡಕಟ್ಟು ಸರ್ಕಾರಗಳಿಗೂ ಬಂದಿದೆ. ಅಂದರೆ 501(ಸಿ)(3), ಎಂದರೆ ತೆರಿಗೆ ವಿನಾಯಿತಿಯ ಚಾರಿಟಿ ಎಂಬ ಮಾನ್ಯತೆ ಇರುವ ನಿಮ್ಮೂರಿನ ದೇವಸ್ಥಾನ, ಸಂಘದ ಭವನ, ಚಾರಿಟಿ ಆಸ್ಪತ್ರೆ ಇವೂ ತಮ್ಮ ಆರ್ಕಿಟೆಕ್ಟ್‌ಗೆ ಕಡಿತ ಬರೆದುಕೊಡಬಹುದು. ಈ ವಿಷಯ ಗೊತ್ತಿರುವ ಟ್ರಸ್ಟಿಗಳು ತುಂಬ ಕಡಿಮೆ. ನಿಮ್ಮ ಊರಿನಲ್ಲಿ ದೇವಸ್ಥಾನದ ಕೆಲಸ ನಡೆಯುತ್ತಿದ್ದರೆ ದಯವಿಟ್ಟು ಕಮಿಟಿಯವರ ಕಿವಿಗೆ ಹಾಕಿ.

ವಿನ್ಯಾಸ ಮಾಡಿದವರು ಎಂದರೆ ಕರೆಂಟು ಉಳಿಸುವ ವ್ಯವಸ್ಥೆಯ ತಾಂತ್ರಿಕ ವಿವರಗಳನ್ನು ತಯಾರಿಸಿದವರು. ಆರ್ಕಿಟೆಕ್ಟ್, ಎಂಜಿನಿಯರ್, ಪರಿಸರ ಸಲಹೆಗಾರ, ಎನರ್ಜಿ ಸೇವೆಯ ಕಂಪನಿ, ಕಂಟ್ರಾಕ್ಟರ್ ಯಾರೂ ಆಗಬಹುದು. ಆದರೆ ಬೇರೆಯವರ ನಕ್ಷೆಯಂತೆ ಬರೀ ಅಳವಡಿಸಿದವರು, ರಿಪೇರಿ ಅಥವಾ ನಿರ್ವಹಣೆ ಮಾಡುವವರು ಇದಕ್ಕೆ ಅರ್ಹರಲ್ಲ. ಕಂಟ್ರಾಕ್ಟರ್ ಆಗಿದ್ದು ವಿನ್ಯಾಸವನ್ನೂ ನೀವೇ ಮಾಡಿದ್ದರೆ, ನಿಮ್ಮ ಸಹಿ ಅಥವಾ ಸೀಲ್ ಇರುವ ಡ್ರಾಯಿಂಗ್‌ಗಳನ್ನು ಈಗಲೇ ಎತ್ತಿಡಿ.

ಹಂತ 3: ಕಾಮಗಾರಿ ಶುರುವಾದ ದಿನಕ್ಕೆ ಸಾಕ್ಷಿ ಇಟ್ಟುಕೊಳ್ಳಿ

2026ರ ಜೂನ್ 30ರ ಗಡಿಯಿಂದಾಗಿ ಈ ಹಂತಕ್ಕೆ ಈಗ ಬೆಲೆ ಜಾಸ್ತಿ. ನಕ್ಷೆ ಮುಗಿಸಿದ್ದು, ಸಾಲ ಮಂಜೂರಾದದ್ದು, ಪರ್ಮಿಟ್ ಸಿಕ್ಕಿದ್ದು, ಜಾಗ ಸ್ವಚ್ಛ ಮಾಡಿದ್ದು ಇವೆಲ್ಲ ತಯಾರಿ. ಎನರ್ಜಿ ತೆರಿಗೆ ರಿಯಾಯಿತಿಗಳಲ್ಲಿ ಅಮೆರಿಕದ ತೆರಿಗೆ ಇಲಾಖೆ, ಅಂದರೆ ಐಆರ್‌ಎಸ್, ತಯಾರಿಯನ್ನು ಕಾಮಗಾರಿ ಎಂದು ಒಪ್ಪುತ್ತಾ ಬಂದಿಲ್ಲ. ಪಾಯ ಅಗೆಯುವಂಥ ಗಣನೀಯ ಕೆಲಸ ನಿಜವಾಗಿ ಶುರುವಾಗಿರಬೇಕು. ಸಹಿಯಾದ ಒಪ್ಪಂದ, ದಿನಾಂಕ ಇರುವ ಫೋಟೋ, ಕಂಟ್ರಾಕ್ಟರ್‌ನ ದಿನಚರಿ, ಮೊದಲ ಬಿಲ್ಲುಗಳನ್ನು ಒಂದೇ ಫೋಲ್ಡರ್‌ನಲ್ಲಿ ಇಡಿ.

ಹಂತ 4: ಎಷ್ಟು ಸಿಗಬಹುದು ಎಂದು ಅಂದಾಜು ಹಾಕಿ

ಲೆಕ್ಕ ಚದರ ಅಡಿಯ ಮೇಲೆ. ಒಂದು ಮಾದರಿ ಕಟ್ಟಡಕ್ಕೆ (ಯಾವುದು ಎಂದು ಹಂತ 6ರಲ್ಲಿದೆ) ಹೋಲಿಸಿದರೆ ನಿಮ್ಮ ಕಟ್ಟಡದಲ್ಲಿ ವರ್ಷದ ಎನರ್ಜಿ ಖರ್ಚು ಕನಿಷ್ಠ ಶೇ 25 ಕಡಿಮೆ ಇರಬೇಕು. ಶೇ 24 ಆದರೆ ಏನೂ ಇಲ್ಲ. ಹಿಂದೆ ದೀಪಕ್ಕೆ ಇಷ್ಟು, ಎಸಿಗೆ ಇಷ್ಟು ಎಂದು ಬಿಡಿಯಾಗಿ ಸಿಗುತ್ತಿತ್ತು. 2023ರಿಂದ ಆ ದಾರಿ ಇಲ್ಲ.

2025ರಲ್ಲಿ ಶುರುವಾಗುವ ತೆರಿಗೆ ವರ್ಷದ ದರ ಹೀಗಿದೆ. ಶೇ 25 ಉಳಿತಾಯಕ್ಕೆ ಚದರ ಅಡಿಗೆ 58 ಸೆಂಟ್. ಅದರ ಮೇಲೆ ಪ್ರತಿ ಒಂದು ಶೇಕಡಾಕ್ಕೆ 2 ಸೆಂಟ್ ಸೇರುತ್ತಾ ಹೋಗುತ್ತದೆ. ಗರಿಷ್ಠ 1.16 ಡಾಲರ್. ಕೂಲಿ ಮತ್ತು ಅಪ್ರೆಂಟಿಸ್ ಷರತ್ತು (ವಿವರ ಹಂತ 5ರಲ್ಲಿ) ಪಾಲಿಸಿದ್ದರೆ 2.90 ಡಾಲರ್‌ನಿಂದ ಶುರು, ಪ್ರತಿ ಶೇಕಡಾಕ್ಕೆ 12 ಸೆಂಟ್, ಗರಿಷ್ಠ 5.81 ಡಾಲರ್. ಹಣದುಬ್ಬರಕ್ಕೆ ತಕ್ಕಂತೆ ದರ ಪ್ರತಿ ವರ್ಷ ಬದಲಾಗುತ್ತದೆ. ಕಟ್ಟಡ ಯಾವ ವರ್ಷ ಬಳಕೆಗೆ ಬಂತೋ ಆ ವರ್ಷದ ದರ ಹಿಡಿಯಿರಿ.

40,000 ಚದರ ಅಡಿಯ ಆಫೀಸ್ ಕಟ್ಟಡ, ಶೇ 30 ಉಳಿತಾಯ ಎಂದಿಟ್ಟುಕೊಳ್ಳಿ. ಷರತ್ತು ಪಾಲಿಸದಿದ್ದರೆ ಅಡಿಗೆ 68 ಸೆಂಟ್, ಒಟ್ಟು 27,200 ಡಾಲರ್. ಪಾಲಿಸಿದರೆ ಅಡಿಗೆ 3.50 ಡಾಲರ್, ಒಟ್ಟು 1,40,000 ಡಾಲರ್. ಅದೇ ಕಟ್ಟಡ, ಅದೇ ಎಸಿ, ಅದೇ ಗಾಜು. ವ್ಯತ್ಯಾಸ ಬರೀ ಕೂಲಿಯ ಕಾಗದಪತ್ರದ್ದು.

ಇದಕ್ಕೆ ಎರಡು ಮಿತಿಗಳಿವೆ. ಆ ವ್ಯವಸ್ಥೆಗಳಿಗೆ ನೀವು ಖರ್ಚು ಮಾಡಿದ್ದಕ್ಕಿಂತ ಜಾಸ್ತಿ ಕಡಿತ ಸಿಗುವುದಿಲ್ಲ. ದೀಪ ಬದಲಿಸಲು 60,000 ಡಾಲರ್ ಆಗಿದ್ದರೆ, ಕಟ್ಟಡ ಎಷ್ಟೇ ದೊಡ್ಡದಿರಲಿ, 60,000ಕ್ಕೆ ನಿಲ್ಲುತ್ತದೆ. ಹಾಗೆಯೇ ಅದೇ ಕಟ್ಟಡಕ್ಕೆ ಹಿಂದಿನ ಮೂರು ವರ್ಷಗಳಲ್ಲಿ ಪಡೆದ ಕಡಿತವನ್ನು ಗರಿಷ್ಠ ಮೊತ್ತದಿಂದ ಕಳೆಯಬೇಕು. ಬರೆದುಕೊಟ್ಟ ಕಡಿತವಾದರೆ ನಾಲ್ಕು ವರ್ಷ ನೋಡುತ್ತಾರೆ.

ಮಾಲೀಕರು ಇಲ್ಲಿ ಸ್ವಲ್ಪ ನಿಧಾನಿಸಿ. ಈ ಕಡಿತ ನಿಮಗೆ ಪೂರ್ತಿ ಹೊಸ ದುಡ್ಡಲ್ಲ. ಎಷ್ಟು ಕಡಿತ ಪಡೆದಿರೋ ಅಷ್ಟು ಆಸ್ತಿಯ ತೆರಿಗೆ ಮೌಲ್ಯದಿಂದ ಇಳಿಯುತ್ತದೆ. ಅಂದರೆ 39 ವರ್ಷ ಚೂರು ಚೂರಾಗಿ ಸಿಗಬೇಕಿದ್ದ ಸವಕಳಿ ಈಗಲೇ ಒಟ್ಟಿಗೆ ಸಿಕ್ಕಿತು. ಅದು ದೊಡ್ಡ ಅನುಕೂಲವೇ, ಆದರೆ ಮುಂದೆ ಕಟ್ಟಡ ಮಾರಿದಾಗ ಈ ಭಾಗದ ಲಾಭಕ್ಕೆ ಸಾಮಾನ್ಯ ಆದಾಯದ ದರದಲ್ಲಿ ತೆರಿಗೆ ಬರಬಹುದು. ಇನ್ನೊಂದು ಮಾತು: 2025ರ ಜನವರಿ 19ರ ನಂತರ ಪಡೆದ ಅರ್ಹ ಆಸ್ತಿಗೆ ಶೇ 100 ಬೋನಸ್ ಸವಕಳಿ, ಅಂದರೆ ಪೂರ್ತಿ ಖರ್ಚನ್ನು ಮೊದಲ ವರ್ಷವೇ ಕಳೆಯುವ ಅವಕಾಶ, ಮತ್ತೆ ಬಂದಿದೆ. ಹಳೆಯ ವಾಣಿಜ್ಯ ಕಟ್ಟಡದ ಒಳಗೆ ಮಾಡಿಸಿದ ಸುಧಾರಣೆಗಳು ಅನೇಕ ಸಲ ಅದರಲ್ಲೇ ಬರುತ್ತವೆ. ಮೊದಲ ವರ್ಷವೇ ಪೂರ್ತಿ ಖರ್ಚು ಕಳೆಯಬಹುದಾದರೆ ಅದರ ಮೇಲೆ 179ಡಿ ವರದಿಗೆ ದುಡ್ಡು ಸುರಿಯುವುದು ವ್ಯರ್ಥ. ಹೊಸ ಕಟ್ಟಡದ ಗೋಡೆ, ಚಾವಣಿ, ದೊಡ್ಡ ಎಸಿ ವ್ಯವಸ್ಥೆಯಂಥ 39 ವರ್ಷದ ಆಸ್ತಿಗೆ ಮಾತ್ರ 179ಡಿ ಚೆನ್ನಾಗಿ ಕೆಲಸ ಮಾಡುತ್ತದೆ. ನಿಮ್ಮ ಸಿಪಿಎ, ಅಂದರೆ ಲೈಸೆನ್ಸ್ ಇರುವ ಅಕೌಂಟೆಂಟ್ ಹತ್ತಿರ ಎರಡೂ ರೀತಿ ಲೆಕ್ಕ ಹಾಕಿಸಿ. ಕಟ್ಟಡ ನಿಮ್ಮ ವೈಯಕ್ತಿಕ ಹೆಸರಿನಲ್ಲಿದ್ದು ಬಾಡಿಗೆಗೆ ಕೊಟ್ಟಿದ್ದರೆ, ಬಾಡಿಗೆಯಂಥ ಆದಾಯದ ನಷ್ಟವನ್ನು ಬೇರೆ ಆದಾಯದಿಂದ ಕಳೆಯಲು ಮಿತಿ ಹಾಕುವ ಪ್ಯಾಸಿವ್ ನಷ್ಟದ ನಿಯಮವನ್ನೂ ಕೇಳಿ. ಕಡಿತ ಸಿಕ್ಕರೂ ಆ ವರ್ಷ ಬಳಸಲು ಆಗದೇ ಇರಬಹುದು.

ಆರ್ಕಿಟೆಕ್ಟ್, ಎಂಜಿನಿಯರ್‌ಗಳ ಕಥೆ ಬೇರೆ. ಕಟ್ಟಡ ನಿಮ್ಮದಲ್ಲ, ಇಳಿಸಲು ಮೌಲ್ಯವೂ ಇಲ್ಲ. ಹಾಗಾಗಿ ಬರೆದುಕೊಟ್ಟ ಕಡಿತ ನಿಮಗೆ ನಿಜವಾದ ಉಳಿತಾಯ. ಸಾರ್ವಜನಿಕ ಕಟ್ಟಡಗಳ ಕೆಲಸ ಮಾಡುವ ಸಣ್ಣ ಕಚೇರಿಗಳು ಇದನ್ನು ಬಿಟ್ಟುಬಿಡುವುದು ನೋಡಿದರೆ ಬೇಜಾರಾಗುತ್ತದೆ.

ಹಂತ 5: ಕೂಲಿಯ ದಾಖಲೆಯನ್ನು ಮೊದಲ ದಿನದಿಂದಲೇ ಇಡಿಸಿ

ಐದು ಪಟ್ಟು ಮೊತ್ತದ ಬಾಗಿಲು ಇದೇ. ಹೆಚ್ಚು ಜನ ಎಡವುವುದೂ ಇಲ್ಲೇ.

ಕಾಮಗಾರಿ 2023ರ ಜನವರಿ 29ಕ್ಕಿಂತ ಮೊದಲೇ ಶುರುವಾಗಿದ್ದರೆ ನಿಮಗೆ ಈ ಷರತ್ತು ಇಲ್ಲ, ದೊಡ್ಡ ದರ ಹಾಗೇ ಸಿಗುತ್ತದೆ. ನಂತರ ಶುರುವಾಗಿದ್ದರೆ ಎರಡು ಕೆಲಸ ಆಗಬೇಕು.

ಮೊದಲನೆಯದು ಪ್ರಚಲಿತ ಕೂಲಿ. ಆ ಕೌಂಟಿಯಲ್ಲಿ ಆ ಕೆಲಸಕ್ಕೆ ಅಮೆರಿಕದ ಕಾರ್ಮಿಕ ಇಲಾಖೆ ಗೊತ್ತು ಮಾಡಿದ ಕನಿಷ್ಠ ದರವೇ ಪ್ರಚಲಿತ ಕೂಲಿ. ಎಲೆಕ್ಟ್ರಿಷಿಯನ್‌ಗೆ ಒಂದು, ಪ್ಲಂಬರ್‌ಗೆ ಒಂದು ಹೀಗೆ ಇರುತ್ತದೆ. ದರದ ಪಟ್ಟಿ ಸ್ಯಾಮ್ ಡಾಟ್ ಗವ್ ತಾಣದಲ್ಲಿ ಸಿಗುತ್ತದೆ. ಉಪಗುತ್ತಿಗೆದಾರರ ಕೆಲಸಗಾರರಿಗೂ ಇದು ಅನ್ವಯ.

ಎರಡನೆಯದು ಅಪ್ರೆಂಟಿಸ್. ಅಂದರೆ ನೋಂದಾಯಿತ ತರಬೇತಿ ಯೋಜನೆಯಲ್ಲಿರುವ ಕಲಿಕೆಯ ಕೆಲಸಗಾರರು. ಒಟ್ಟು ಕೆಲಸದ ಗಂಟೆಗಳಲ್ಲಿ ಅವರ ಪಾಲು 2023ರಲ್ಲಿ ಶುರುವಾದ ಕಾಮಗಾರಿಗೆ ಶೇ 12.5, ಆಮೇಲೆ ಶುರುವಾದದ್ದಕ್ಕೆ ಶೇ 15 ಇರಬೇಕು. ನಾಲ್ಕು ಅಥವಾ ಹೆಚ್ಚು ಜನರನ್ನು ಹಚ್ಚುವ ಪ್ರತಿ ಗುತ್ತಿಗೆದಾರರೂ ಕನಿಷ್ಠ ಒಬ್ಬ ಅಪ್ರೆಂಟಿಸ್ ಇಟ್ಟುಕೊಳ್ಳಬೇಕು. ಅಪ್ರೆಂಟಿಸ್ ಸಿಗದಿದ್ದರೆ? ನೋಂದಾಯಿತ ಯೋಜನೆಯವರಿಗೆ ಬರವಣಿಗೆಯಲ್ಲಿ ಕೇಳಿ. ಐದು ಕೆಲಸದ ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಇಲ್ಲ ಎಂದರೆ, ಪ್ರಾಮಾಣಿಕ ಪ್ರಯತ್ನ ಮಾಡಿದ್ದೀರಿ ಎಂದು ಒಪ್ಪುತ್ತಾರೆ. ಫೋನಿನಲ್ಲಿ ಕೇಳಿದ್ದಕ್ಕೆ ಸಾಕ್ಷಿ ಇರುವುದಿಲ್ಲ, ನೆನಪಿರಲಿ.

‘ಸರ್ಕಾರಿ ಶಾಲೆ ಕೆಲಸ, ರಾಜ್ಯದ ಕೂಲಿ ನಿಯಮ ಪಾಲಿಸಿದ್ದೇವೆ, ಸಾಕಲ್ವಾ?’ ಎಂದು ಎಂಜಿನಿಯರ್‌ಗಳು ಕೇಳುತ್ತಾರೆ. ಸಾಲದು. ಇಲ್ಲಿ ಬೇಕಿರುವುದು ಕೇಂದ್ರದ ದರ, ಅಪ್ರೆಂಟಿಸ್ ಷರತ್ತಂತೂ ಪೂರ್ತಿ ಬೇರೆ. ಅಷ್ಟೇ ಅಲ್ಲ, ಕಡಿತ ಪಡೆಯುವವರು ನೀವು, ಆದರೆ ಕೂಲಿ ಪುಸ್ತಕ ಇರುವುದು ಕಂಟ್ರಾಕ್ಟರ್ ಹತ್ತಿರ. ಕೆಲಸ ಮುಗಿದ ಮೇಲೆ ಅವರು ಕೊಡಬೇಕೆಂದಿಲ್ಲ. ಒಪ್ಪಂದದಲ್ಲೇ ‘ಕೂಲಿ ಮತ್ತು ಅಪ್ರೆಂಟಿಸ್ ಗಂಟೆಗಳ ದಾಖಲೆಯನ್ನು ವಿನ್ಯಾಸಕಾರರಿಗೆ ಕೊಡತಕ್ಕದ್ದು’ ಎಂಬ ಸಾಲು ಸೇರಿಸಲು ಮಾಲೀಕರನ್ನು ಕೇಳಿಕೊಳ್ಳಿ.

ಕೂಲಿ ಕಡಿಮೆ ಬಿದ್ದಿದ್ದರೆ ಸರಿಪಡಿಸಲು ದಾರಿ ಇದೆ. ಕೆಲಸಗಾರರಿಗೆ ಬಾಕಿಯನ್ನು ಬಡ್ಡಿ ಸಮೇತ ಕೊಟ್ಟು, ಪ್ರತಿ ಕೆಲಸಗಾರರ ಲೆಕ್ಕದಲ್ಲಿ 5,000 ಡಾಲರ್ ದಂಡವನ್ನು ಐಆರ್‌ಎಸ್‌ಗೆ ಕಟ್ಟಬೇಕು. ಅಪ್ರೆಂಟಿಸ್ ಗಂಟೆ ಕಡಿಮೆಯಾದರೆ ಗಂಟೆಗೆ 50 ಡಾಲರ್. ಉದ್ದೇಶಪೂರ್ವಕ ಎಂದು ಕಂಡರೆ ದಂಡ ಇನ್ನೂ ಜಾಸ್ತಿ.

ಹಂತ 6: ಕಂಪ್ಯೂಟರ್ ಮಾಡೆಲ್, ಸ್ಥಳ ಪರೀಕ್ಷೆ, ಸರ್ಟಿಫಿಕೇಟ್

ಕರೆಂಟ್ ಬಿಲ್ ತೋರಿಸಿದರೆ ಸಾಕಾಗುವುದಿಲ್ಲ. ನಿಮ್ಮ ಕಟ್ಟಡವನ್ನು ಕಂಪ್ಯೂಟರ್‌ನಲ್ಲಿ ಮಾಡೆಲ್ ಮಾಡಿ, ಆ್ಯಶ್ರೇ 90.1 ಎಂಬ ಮಾನದಂಡದ ಕಟ್ಟಡದೊಂದಿಗೆ ಹೋಲಿಸಬೇಕು. ಆ್ಯಶ್ರೇ ಎಂದರೆ ಎಸಿ, ಹೀಟಿಂಗ್ ಕ್ಷೇತ್ರದ ಎಂಜಿನಿಯರ್‌ಗಳ ಸಂಘ. 2026 ಮುಗಿಯುವುದರೊಳಗೆ ಬಳಕೆಗೆ ಬರುವ ಕಟ್ಟಡಕ್ಕೆ ಅದರ 2007ರ ಆವೃತ್ತಿ ಸಾಕು. 2027ರ ಜನವರಿ 1ರ ನಂತರ ಬಳಕೆಗೆ ಬಂದು, ಕಾಮಗಾರಿ 2023ರಲ್ಲಿ ಅಥವಾ ಆಮೇಲೆ ಶುರುವಾಗಿದ್ದರೆ 2019ರ ಆವೃತ್ತಿಗೆ ಹೋಲಿಸಬೇಕು. ಅದು ಬಹಳ ಬಿಗಿ. ಕಟ್ಟಡ 2026ರ ಡಿಸೆಂಬರ್ ಹೊತ್ತಿಗೆ ಮುಗಿಯುವಂತಿದ್ದರೆ, ಒಂದು ತಿಂಗಳ ವಿಳಂಬ ಕೂಡ ಶೇ 25ರ ಗೆರೆಯಿಂದ ಕೆಳಗೆ ತಳ್ಳಬಹುದು.

ಮಾಡೆಲ್ ಮಾಡುವ ಸಾಫ್ಟ್‌ವೇರ್ ಅಮೆರಿಕದ ಎನರ್ಜಿ ಇಲಾಖೆಯ ಪಟ್ಟಿಯಲ್ಲಿ ಇರಲೇಬೇಕು. ಹೋಲಿಕೆ ನಡೆಯುವುದು ಖರ್ಚಿನ ಮೇಲೆ, ಯೂನಿಟ್ ಮೇಲೆ ಅಲ್ಲ. ಕಂಪ್ಯೂಟರ್, ಅಡುಗೆ ಯಂತ್ರ ಇಂಥವುಗಳ ಉಳಿತಾಯ ಲೆಕ್ಕಕ್ಕೆ ಬರುವುದಿಲ್ಲ.

ಸರ್ಟಿಫಿಕೇಟ್ ಕೊಡುವವರು ನಿಮಗೆ ಸಂಬಂಧಪಟ್ಟವರಾಗಿರಬಾರದು. ಕಟ್ಟಡ ಇರುವ ರಾಜ್ಯದಲ್ಲೇ ಲೈಸೆನ್ಸ್ ಇರುವ ಎಂಜಿನಿಯರ್ ಅಥವಾ ಕಂಟ್ರಾಕ್ಟರ್ ಆಗಿರಬೇಕು. ಕಟ್ಟಡ ಬಳಕೆಗೆ ಬಂದ ಮೇಲೆ ಅವರು ಸ್ಥಳಕ್ಕೇ ಬಂದು, ನಕ್ಷೆಯಲ್ಲಿ ಇದ್ದದ್ದು ನಿಜವಾಗಿ ಹಾಕಿದ್ದಾರೆಯೇ ಎಂದು ನೋಡಬೇಕು. ‘ಫೋಟೋ ಕಳಿಸಿ, ಎರಡು ದಿನದಲ್ಲಿ ಸರ್ಟಿಫಿಕೇಟ್’ ಎನ್ನುವವರನ್ನು ದೂರ ಇಡಿ. ಐಆರ್‌ಎಸ್ ಕೇಳಿದಾಗ ಉತ್ತರ ಕೊಡಬೇಕಾದವರು ನೀವು.

ಐದು ವರ್ಷ ಅಥವಾ ಹೆಚ್ಚು ಹಳೆಯ ಕಟ್ಟಡಕ್ಕೆ ಬೇರೊಂದು ದಾರಿ ಇದೆ. ಮೊದಲು ಸುಧಾರಣೆಯ ಯೋಜನೆ ಬರೆಸಿ, ಆಗಿನ ಎನರ್ಜಿ ಬಳಕೆಯನ್ನು ಅಳೆಸಿ ಇಡಬೇಕು. ಕೆಲಸ ಮುಗಿದು ಒಂದು ವರ್ಷವಾದ ಮೇಲೆ ಮತ್ತೆ ಅಳೆಸಬೇಕು. ಬಳಕೆ ಶೇ 25 ಇಳಿದಿದ್ದರೆ, ಆ ಅಂತಿಮ ಸರ್ಟಿಫಿಕೇಟ್ ಸಿಕ್ಕ ವರ್ಷ ಕಡಿತ. ಇಲ್ಲಿ ಮಾಡೆಲ್ ಬದಲು ನಿಜವಾದ ಬಳಕೆಯ ಹೋಲಿಕೆ. ಹಳೆಯ ಎಸಿ ಕಿತ್ತು ಹಾಕಿದ ಮೇಲೆ ಹಳೆಯ ಬಳಕೆ ಅಳೆಯಲು ಆಗುವುದಿಲ್ಲವಲ್ಲ, ಅದಕ್ಕೇ ಯೋಜನೆ ಮೊದಲು, ಕೆಲಸ ಆಮೇಲೆ.

ಹಂತ 7: ಹಂಚಿಕೆ ಪತ್ರ ಬರೆಸಿಕೊಳ್ಳಿ (ವಿನ್ಯಾಸಕಾರರಿಗೆ ಮಾತ್ರ)

ಕಟ್ಟಡದ ಮಾಲೀಕರು ನಿಮಗೆ ಕಡಿತ ಕೊಟ್ಟಿದ್ದೇವೆ ಎಂದು ಸಹಿ ಮಾಡಿ ಕೊಡುವ ಪತ್ರ ಇದು. ಅದರಲ್ಲಿ ಎರಡೂ ಕಡೆಯ ಅಧಿಕೃತ ಪ್ರತಿನಿಧಿಗಳ ಹೆಸರು, ವಿಳಾಸ, ಫೋನ್, ಕಟ್ಟಡದ ವಿಳಾಸ, ಅರ್ಹ ವ್ಯವಸ್ಥೆಗಳಿಗೆ ಆದ ಖರ್ಚು, ಬಳಕೆಗೆ ಬಂದ ದಿನ, ನಿಮಗೆ ಕೊಟ್ಟ ಕಡಿತದ ಮೊತ್ತ, ಇಬ್ಬರ ಸಹಿ ಇರಬೇಕು. ಸುಳ್ಳು ಹೇಳಿದರೆ ಶಿಕ್ಷೆಗೆ ಒಳಪಡುತ್ತೇವೆ ಎಂಬ ಘೋಷಣೆಯೂ ಬೇಕು.

ಈ ಸಹಿಗಳು ನೀವು ರಿಟರ್ನ್ ಸಲ್ಲಿಸುವ ಮೊದಲೇ ಆಗಿರಬೇಕು. ಆಮೇಲೆ ಹಳೆಯ ದಿನಾಂಕ ಹಾಕಿಸಿಕೊಳ್ಳುವ ಯೋಚನೆಯೇ ಬೇಡ. ಶಾಲಾ ಜಿಲ್ಲೆ, ನಗರಸಭೆಗಳಲ್ಲಿ ಯಾರು ಸಹಿ ಹಾಕಬೇಕು ಎಂದು ತೀರ್ಮಾನವಾಗುವುದಕ್ಕೇ ತಿಂಗಳುಗಳು ಹಿಡಿಯಬಹುದು. ಕೆಲವು ಕಡೆ ಬೋರ್ಡ್ ಒಪ್ಪಿಗೆಯೂ ಬೇಕು.

ಕೊಡಲೇಬೇಕು ಎಂಬ ಕಡ್ಡಾಯ ಮಾಲೀಕರಿಗೆ ಇಲ್ಲ. ಪೂರ್ತಿ ಒಬ್ಬರಿಗೇ ಕೊಡಬಹುದು, ಆರ್ಕಿಟೆಕ್ಟ್ ಮತ್ತು ಎಂಜಿನಿಯರ್ ನಡುವೆ ಹಂಚಲೂಬಹುದು. ಆದ್ದರಿಂದ ಈ ಮಾತನ್ನು ವಿನ್ಯಾಸದ ಒಪ್ಪಂದಕ್ಕೆ ಸಹಿ ಹಾಕುವಾಗಲೇ ಆಡಿ ಮುಗಿಸಿ. ಟ್ರಸ್ಟಿಗಳಿಗೂ ಅದೇ ಮಾತು. ನಿಮ್ಮ ಪತ್ರಕ್ಕೆ ಬೆಲೆ ಇದೆ ಎಂದು ಗೊತ್ತಿದ್ದರೆ, ಫೀಸ್ ಮಾತುಕತೆ ಶುರುವಿನಲ್ಲೇ ಬೇರೆ ರೀತಿ ಆಗುತ್ತದೆ. ಪತ್ರಕ್ಕೆ ಬದಲಾಗಿ ದುಡ್ಡು ಕೇಳುವ ಯೋಚನೆ ಇದ್ದರೆ ಮೊದಲು ವಕೀಲರನ್ನು ಕೇಳಿ.

ಹಂತ 8: ಫಾರ್ಮ್ 7205 ತುಂಬಿ

ರಿಟರ್ನ್ ಜೊತೆ ಫಾರ್ಮ್ 7205 ಲಗತ್ತಿಸಬೇಕು. ಚದರ ಅಡಿ, ಉಳಿತಾಯದ ಶೇಕಡಾ, ಬಳಕೆಗೆ ಬಂದ ದಿನ, ಸರ್ಟಿಫಿಕೇಟ್ ಕೊಟ್ಟವರ ವಿವರ ಅದರಲ್ಲಿ ಹೋಗುತ್ತದೆ. ಸರ್ಟಿಫಿಕೇಟ್, ಹಂಚಿಕೆ ಪತ್ರ, ಕೂಲಿ ದಾಖಲೆಗಳು ನಿಮ್ಮ ಹತ್ತಿರ ಭದ್ರವಾಗಿರಲಿ.

ರಾಜ್ಯದ ತೆರಿಗೆಯ ಲೆಕ್ಕ ಬೇರೆ. ಉದಾಹರಣೆಗೆ ಕ್ಯಾಲಿಫೋರ್ನಿಯಾ ಈ ಕಡಿತವನ್ನು ಒಪ್ಪುವುದಿಲ್ಲ. ಅಲ್ಲಿಯವರು ರಾಜ್ಯದ ರಿಟರ್ನ್‌ನಲ್ಲಿ ಸವಕಳಿಯನ್ನು ಬೇರೆಯಾಗಿ ಲೆಕ್ಕ ಇಡಬೇಕು.

ಹಿಂದಿನ ವರ್ಷಗಳಲ್ಲಿ ಬಿಟ್ಟುಹೋಗಿದ್ದರೆ

ಇಲ್ಲಿ ಮಾಲೀಕರ ದಾರಿ ಮತ್ತು ವಿನ್ಯಾಸಕಾರರ ದಾರಿ ಕವಲೊಡೆಯುತ್ತದೆ. ಮಾಲೀಕರು ಫಾರ್ಮ್ 3115 ಎಂಬ, ಲೆಕ್ಕದ ಪದ್ಧತಿ ಬದಲಿಸುವ ಅರ್ಜಿಯ ಮೂಲಕ ಹಳೆಯ ಕಡಿತವನ್ನು ಈ ವರ್ಷದ ರಿಟರ್ನ್‌ನಲ್ಲೇ ಪಡೆಯಬಹುದು. ಹಳೆಯ ರಿಟರ್ನ್ ತೆರೆಯಬೇಕಿಲ್ಲ. ವಿನ್ಯಾಸಕಾರರಿಗೆ ಆ ಅನುಕೂಲ ಇಲ್ಲ. ಕಟ್ಟಡ ಬಳಕೆಗೆ ಬಂದ ವರ್ಷದ ರಿಟರ್ನನ್ನೇ ತಿದ್ದಿ ಸಲ್ಲಿಸಬೇಕು, ಅದಕ್ಕೆ ಸಾಮಾನ್ಯವಾಗಿ ಮೂರು ವರ್ಷದ ಗಡುವು. 2023ರ ರಿಟರ್ನನ್ನು 2024ರ ಅಕ್ಟೋಬರ್ 15ರಂದು ಸಲ್ಲಿಸಿದ್ದರೆ 2027ರ ಅಕ್ಟೋಬರ್ 15ರವರೆಗೆ ಸಮಯ ಇದೆ. ಹಂಚಿಕೆ ಪತ್ರ ಮತ್ತು ಸರ್ಟಿಫಿಕೇಟ್ ಆ ತಿದ್ದಿದ ರಿಟರ್ನ್‌ಗಿಂತ ಮೊದಲೇ ಕೈಯಲ್ಲಿರಬೇಕು. ನಿಮ್ಮದು ಪಾಲುದಾರಿಕೆ ಸಂಸ್ಥೆಯಾದರೆ ತಿದ್ದುವ ವಿಧಾನವೇ ಬೇರೆ ಇರಬಹುದು, ಸಿಪಿಎ ಅವರನ್ನು ಮೊದಲೇ ವಿಚಾರಿಸಿ. 2023ರಿಂದ ಈಚೆಗೆ ಮುಗಿದ ನಿಮ್ಮ ಎಲ್ಲ ಶಾಲೆ, ಲೈಬ್ರರಿ, ದೇವಸ್ಥಾನದ ಕೆಲಸಗಳ ಪಟ್ಟಿ ಮಾಡಿ, ಬಳಕೆಗೆ ಬಂದ ದಿನವನ್ನು ಪಕ್ಕದಲ್ಲಿ ಬರೆದು, ಗಡುವು ಹತ್ತಿರ ಇರುವ ಕಟ್ಟಡದಿಂದ ಶುರು ಮಾಡಿ.